ಎದುರು ಗೋಡೆಯ ಗೆರೆ

ಗಾಡಿಗಳ ದೀಪ ಸರಿಮಾಡುವ ಅವನನ್ನು ಆ ಬೀದಿಯವರೆಲ್ಲ ಗೆರೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವನು ಯಾರಿಗೂ ಪಾಠ ಹೇಳಿದವನಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಹೆಸರು ಬಂದದ್ದು ಗೋಡೆಯಿಂದ. ಅವನ ವರ್ಕ್‌ಶಾಪಿನ ಮುಂದೆ ಸಿಮೆಂಟು ಹಾಕಿದ ಅಂಗಳ, ಅಂಗಳದಾಚೆ ಒಂದು ಗೋದಾಮಿನ ಹಿಂಗೋಡೆ. ಕಿಟಕಿ ಇಲ್ಲದ ಆ ಗೋಡೆಯ ಮೇಲೆ ಒಂದರ ಮೇಲೊಂದು ಮೂರು ಕಪ್ಪು ಗೆರೆಗಳಿದ್ದವು. ಕೆಳಗಿನದು ಕಾರಿಗೆ, ನಡುವಿನದು ವ್ಯಾನಿಗೆ, ಮೇಲಿನದು ಲಾರಿಗೆ. ಗೋಡೆಗೆ ಮೂತಿ ಕೊಟ್ಟು, ಇಪ್ಪತ್ತೈದು ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ ಡಿಮ್ ಲೈಟು ಹಾಕಿದರೆ ಬೆಳಕಿನ ಮೇಲಂಚು ಆ ಗಾಡಿಯ ಗೆರೆಯ ಮೇಲೆ ಕೂರಬೇಕು. ಗೆರೆ ದಾಟಿ ಮೇಲೆ ಹೋದರೆ ಎದುರಿಗೆ ಬರುವವನ ಕಣ್ಣಿಗೆ ಹೊಡೆಯುತ್ತದೆ. ತೀರ ಕೆಳಗಿಳಿದರೆ ಓಡಿಸುವವನಿಗೆ ದಾರಿ ಕಾಣುವುದಿಲ್ಲ. ಅವನ ಕಸುಬಿನ ವೇದಾಂತವೆಲ್ಲ ಅಷ್ಟೇ.

ಆದರೆ ಗೆರೆಗಳನ್ನು ಎಳೆದವನು ಅವನಲ್ಲ, ಅವನ ಅಣ್ಣ. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕುತ್ತಿದ್ದ. ಅಣ್ಣನೇ ಈ ವರ್ಕ್‌ಶಾಪು ಹಾಕಿದ, ಅಂಗಳಕ್ಕೆ ಸಿಮೆಂಟು ಬಳಿದ, ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿಯಲ್ಲೂ ಮಟ್ಟ ನೋಡಿ ಗೋಡೆಗೆ ಗುರುತು ಹಾಕಿದ. ಪೈಪಿನ ಒಂದು ತುದಿ ಹಿಡಿದು ನಿಂತಿದ್ದವನು ತಮ್ಮ. "ಅಲ್ಲಾಡಬೇಡವೋ, ನೀರಿಗೆ ತಲೆತಿರುಗುತ್ತೆ" ಎಂದು ಅಣ್ಣ ಗದರಿದ್ದು ಅವನಿಗೆ ಇಂದಿಗೂ ನೆನಪಿದೆ. ಅಂದು ಕಲಿತ ಪಾಠ ಎರಡು. ಒಂದು, ದೀಪ ನಿನಗೆಷ್ಟೋ ಎದುರಿಗೆ ಬರುವವನಿಗೂ ಅಷ್ಟೇ. ಇನ್ನೊಂದು, ಹೊಟ್ಟೆ ತುಂಬಿದ ಗಾಡಿ ಮೂತಿ ಎತ್ತುತ್ತದೆ; ಹಿಂದೆ ಭಾರ ಹೊರುವ ಗಾಡಿಯಾದರೆ ಮೊದಲು ಭಾರ ಹೇರು, ಆಮೇಲೆ ದೀಪ ಮುಟ್ಟು. ಅದಕ್ಕೆಂದೇ ವರ್ಕ್‌ಶಾಪಿನ ಮೂಲೆಯಲ್ಲಿ ಮರಳಿನ ಚೀಲಗಳು ಸದಾ ಬಿದ್ದಿರುತ್ತಿದ್ದವು.

ತಮ್ಮನ ಮದುವೆಯಾದ ಮೇಲೆ ಅಣ್ಣ ವರ್ಕ್‌ಶಾಪಿನ ಬೀಗದಕೈಯನ್ನು ಅವನ ಕೈಗಿಟ್ಟು, "ಇನ್ನು ಇದು ನಿಂದು. ನನಗೆ ಒಂದೇ ಕಡೆ ಬೇರು ಬಿಡೋಕಾಗಲ್ಲ" ಎಂದು ಪತ್ರಿಕೆ ಸಾಗಿಸುವ ವ್ಯಾನು ಹತ್ತಿದ. ಛಾಪಖಾನೆಯಿಂದ ಬಿಸಿಬಿಸಿ ಕಟ್ಟುಗಳನ್ನು ಹೇರಿಕೊಂಡು ಊರೂರಿಗೆ ಇಳಿಸಿ, ಬೆಳಗಾದ ಮೇಲೆ ವಾಪಸು. ಅಂದಿನಿಂದ ಅವನ ರಾತ್ರಿಗಳೆಲ್ಲ ರಸ್ತೆಯ ಮೇಲೆಯೇ ಕಳೆದವು. "ಮಂತ್ರಿಗಿಂತ ಮುಂಚೆ ಮಂತ್ರಿ ಸುದ್ದಿ ನನ್ನ ಬೆನ್ನ ಹಿಂದೆ ಕೂತಿರುತ್ತೆ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಆ ಸೀಟಿನಿಂದ ಅವನನ್ನು ಇಳಿಸುವುದೂ ಒಂದೇ, ಮೀನನ್ನು ದಡಕ್ಕೆ ಎಸೆಯುವುದೂ ಒಂದೇ ಎಂದು ಮನೆಯವರೆಲ್ಲರಿಗೂ ಗೊತ್ತಿತ್ತು.

ದೀಪದ ತಕರಾರು ಶುರುವಾದದ್ದು ಕಳೆದ ಬೇಸಿಗೆಯ ಹೊತ್ತಿಗೆ.

"ಲೈಟು ಮಂಕಾಗಿದೆ ಕಣೋ, ನೋಡು" ಎಂದು ಅಣ್ಣ ವ್ಯಾನು ತಂದು ನಿಲ್ಲಿಸಿದ. ತಮ್ಮ ನೋಡಿದ. ದೀಪದ ಮುಂದಿನ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿಯಾಗಿತ್ತು. ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಪಾಲಿಷ್ ಹಾಕಿ ಗಾಜಿನಂತೆ ಮಾಡಿಕೊಟ್ಟ. ಕೆಲವು ವಾರ ಸುಮ್ಮನಿದ್ದ ಅಣ್ಣ ಮತ್ತೆ ಬಂದ. ಈ ಸಲ ತಮ್ಮ ಮೀಟರು ಹಿಡಿದು ಅಳೆದ. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು ಇದ್ದರೆ ಬಲ್ಬಿಗೆ ಹೋಗಿ ಮುಟ್ಟುವಾಗ ಹನ್ನೊಂದೂ ಇರಲಿಲ್ಲ. ಹಳೆಯ ತೆಳು ವೈರು ದಾರಿಯಲ್ಲೇ ತಿಂದುಹಾಕುತ್ತಿತ್ತು. ದಪ್ಪ ವೈರು ಎಳೆದು, ನಡುವೆ ಬ್ಯಾಟರಿಯಿಂದ ನೇರ ಕರೆಂಟು ಕೊಡುವ ರಿಲೇ ಕೂರಿಸಿದ. ಬೆಳಕು ನಿಜಕ್ಕೂ ಒಂದು ಕೈ ಜಾಸ್ತಿಯಾಯಿತು. ಅಂಗಳದಲ್ಲಿದ್ದ ಲಾರಿ ಡ್ರೈವರೊಬ್ಬ, "ಏನು ಮೇಷ್ಟ್ರೇ, ಅಣ್ಣನಿಗೆ ಸೂರ್ಯನನ್ನೇ ತಂದು ಕೂರಿಸಿದಿರಿ" ಎಂದ. ಅಣ್ಣ ಮಾತ್ರ ಸೀಟಿನಲ್ಲಿ ಕೂತು ಕಣ್ಣು ಕಿರಿದು ಮಾಡಿ, "ಪರವಾಗಿಲ್ಲ" ಎಂದ.

ಪರವಾಗಿಲ್ಲ ಎಂದವನು ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಹಾಜರು. ದಾರಿಯಲ್ಲಿ ಒಂದು ಬಲ್ಬು ಸುಟ್ಟಿತ್ತೆಂದು ಯಾವುದೋ ಅಂಗಡಿಯಲ್ಲಿ ಹಾಲಿನಂತೆ ಬಿಳಿ ಬೆಳಕಿನದೊಂದನ್ನು ಹಾಕಿಸಿಕೊಂಡಿದ್ದ. ಈಗ ವ್ಯಾನಿಗೆ ಒಂದು ಕಣ್ಣು ಬಿಳಿ, ಒಂದು ಕಣ್ಣು ಹಳದಿ.

"ಎರಡೂ ಒಂದೇ ಥರದ್ದು ಹಾಕ್ತೀನಿ ಬಿಡಣ್ಣ."

"ಬೇಡ, ಬಿಳಿ ಚೆನ್ನಾಗಿದೆ. ಒಂದು ಕೆಲಸ ಮಾಡು. ಎರಡನ್ನೂ ಒಂದು ಚೂರು ಎತ್ತು."

"ಎತ್ತೋದಾ? ಗೆರೆ ಮೇಲೇ ಇದೆಯಲ್ಲ."

"ಗೊತ್ತು ಕಣೋ. ಗೆರೆ ಎಳೆದೋನಿಗೇ ಗೆರೆ ತೋರಿಸ್ತೀಯಾ?"

"ಎದುರಿಗೆ ಬರೋರಿಗೆ ಹೊಡಿಯುತ್ತೆ. ನೀನೇ ಹೇಳ್ತಿದ್ದದ್ದು."

"ಹೇಳ್ತಿದ್ದೆ. ಈಗ ಹೇಳ್ತಿರೋದೂ ನಾನೇ. ಆ ರಸ್ತೇಲಿ ಆ ಹೊತ್ತಿಗೆ ಯಾರು ಬರ್ತಾರೆ, ನಿಮ್ಮತ್ತೆನಾ? ಎತ್ತು, ಹೊತ್ತಾಗುತ್ತೆ."

ತಮ್ಮ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಬೇರೆ ಯಾರೇ ಕೇಳಿದ್ದರೂ ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತಿದ್ದ. ಹಾಗೆ ಎಷ್ಟೋ ಗಿರಾಕಿಗಳನ್ನು ಕಳುಹಿಸಿದ್ದ. ಆದರೆ ಇವನು ತನಗೆ ಅನ್ನ ಹಾಕಿದವನು, ಕಸುಬು ಕೊಟ್ಟವನು. ಬಾನೆಟ್ಟು ಎತ್ತಿ ಎರಡೂ ದೀಪಗಳ ಸ್ಕ್ರೂ ತಿರುಗಿಸಿದ. ಬೆಳಕಿನ ಅಂಚು ನಡುವಿನ ಗೆರೆ ಬಿಟ್ಟು ಒಂದು ಗೇಣು ಮೇಲೇರಿ, ಲಾರಿಯ ಗೆರೆಯ ಹತ್ತಿರ ಹೋಗಿ ನಿಂತಿತು. ಅಣ್ಣನಿಗೆ ಅವಸರವಿತ್ತು. ಮರಳಿನ ಚೀಲ ಹೇರುವಷ್ಟು ಪುರುಸೊತ್ತು ಇರಲಿಲ್ಲ. ಖಾಲಿ ಗಾಡಿಯಲ್ಲೇ ಕೆಲಸ ಮುಗಿಯಿತು.

ಮರುದಿನ ಬೆಳಿಗ್ಗೆ ಅಣ್ಣ ಚಹಾ ಕುಡಿಯಲು ಬಂದಾಗ ಖುಷಿಯಲ್ಲಿದ್ದ. "ಈಗ ನೋಡು ಮಜಾ. ಎದುರಿಗೆ ಬರೋರೆಲ್ಲ ಲೈಟು ಮಿಟುಕಿಸಿ ಮಿಟುಕಿಸಿ ನನಗೆ ಸಲಾಮು ಹೊಡೀತಾರೆ. ಇಷ್ಟು ವರ್ಷದಲ್ಲಿ ಇಂಥ ಮರ್ಯಾದೆ ಸಿಕ್ಕಿರಲಿಲ್ಲ."

ಇಬ್ಬರೂ ನಕ್ಕರು. ಎದುರಿನವನು ದೀಪ ಮಿಟುಕಿಸುವುದು ಯಾತಕ್ಕೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ವಾರವೇ ಒಂದು ಸಂಜೆ ಅತ್ತಿಗೆ ಬಲ್ಬು ಕೊಳ್ಳಲು ಬಂದವಳು ವರ್ಕ್‌ಶಾಪಿಗೆ ಇಣುಕಿದಳು. "ನಿಮ್ಮಣ್ಣನಿಗೆ ಗಾಡಿ ದೀಪ ಅಷ್ಟೇ ಅಲ್ಲಪ್ಪ, ಮನೆ ದೀಪಗಳೂ ಮುದಿಯಾಗಿವೆಯಂತೆ. ಬಚ್ಚಲಿಗೊಂದು, ಅಡುಗೆಮನೆಗೊಂದು ದೊಡ್ಡದು ಬೇಕಂತೆ. ನಿನ್ನೆ ಸಂಜೆ ಹೊಸಿಲ ಹತ್ತಿರ ಇದ್ದ ಬಕೆಟ್ಟಿಗೆ ಕಾಲು ಕೊಟ್ಟು, ಬಕೆಟ್ಟನ್ನೇ ಬೈದರು. ವಯಸ್ಸಾಯ್ತು ಅಂತ ಒಪ್ಪಿಕೊಳ್ಳೋಕೆ ಗಂಡಸರಿಗೆ ಬಕೆಟ್ಟೇ ಅಡ್ಡ ಬರಬೇಕು ನೋಡು."

"ಕನ್ನಡಕ ಬದಲಾಯಿಸಬೇಕೇನೋ ಅತ್ತಿಗೆ."

"ಹೇಳಿ ನೋಡು ಧೈರ್ಯ ಇದ್ರೆ."

ಹೇಳುವ ಧೈರ್ಯ ಅವನಿಗಿರಲಿಲ್ಲ. ಬಕೆಟ್ಟನ್ನೂ ವ್ಯಾನನ್ನೂ ಕೂಡಿಸಿ ನೋಡುವ ಧೈರ್ಯವೂ ಇರಲಿಲ್ಲ. ಊರಿನ ಗಾಡಿಗಳ ದೀಪ ಸರಿಮಾಡುವವನ ಮನೆಯಲ್ಲೇ ದೀಪದ ಕೆಳಗೆ ಕತ್ತಲು.

ನರ್ಸ್ ಬಂದದ್ದು ಅದಾದ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ. ಒಂದು ಕೈಗೆ ಪ್ಲಾಸ್ಟರು ಹಾಕಿ ಕುತ್ತಿಗೆಗೆ ತೂಗುಬಿಟ್ಟುಕೊಂಡಿದ್ದಳು. ಅವಳ ಸ್ಕೂಟರನ್ನು ಸರಕು ಆಟೋದಿಂದ ಇಳಿಸಿದರು. ಮುಂದಿನ ದೀಪ ಪುಡಿಯಾಗಿತ್ತು, ಹ್ಯಾಂಡಲ್ಲು ಸೊಟ್ಟಗಾಗಿತ್ತು.

"ಕೈಯನ್ನ ನಮ್ಮ ಆಸ್ಪತ್ರೆಯವರು ರಿಪೇರಿ ಮಾಡಿದ್ರು. ಉಳಿದದ್ದು ನಿಮಗೆ ಬಿಟ್ಟಿದ್ದು" ಎಂದಳು.

"ಏನಾಯ್ತು ಸಿಸ್ಟರ್?"

"ನೈಟ್ ಡ್ಯೂಟಿ ಮುಗಿಸಿ ಬರ್ತಿದ್ದೆ. ಇನ್ನೂ ಬೆಳಕು ಹರಿದಿರಲಿಲ್ಲ. ಎದುರಿಂದ ಒಂದು ವ್ಯಾನು, ದೀಪ ಆಕಾಶ ನೋಡ್ಕೊಂಡು ಬಂತು. ಕಣ್ಣೊಳಗೆ ಯಾರೋ ಸುಣ್ಣ ಬಳಿದ ಹಾಗಾಯ್ತು. ರಸ್ತೆ ಎಲ್ಲಿ ಮುಗೀತು, ಮೋರಿ ಎಲ್ಲಿ ಶುರುವಾಯ್ತು, ಗೊತ್ತಾಗಲಿಲ್ಲ. ಗೊತ್ತಾದಾಗ ಮೋರಿ ಒಳಗಿದ್ದೆ."

"ಹೈ ಬೀಮ್ ಹಾಕಿದ್ದನೇನೋ."

"ನಾನೂ ಹಾಗಂದ್ಕೊಂಡೇ ಲೈಟು ಮಿಟುಕಿಸಿದೆ. ಅವನು ಇಳಿಸಲಿಲ್ಲ. ಡಿಮ್ ಮಾಡಿದ್ದೇ ಅಷ್ಟು ಎತ್ತರ ಇತ್ತು ಅನ್ಸುತ್ತೆ. ನಿಲ್ಲಿಸಿ ನೋಡಲೂ ಇಲ್ಲ, ಹೊರಟೇಹೋದ."

ಅವನು ಒಡೆದ ದೀಪದ ಚೂರುಗಳನ್ನು ಒಂದೊಂದಾಗಿ ಕೀಳುತ್ತಿದ್ದ. "ಎಂಥ ವ್ಯಾನು ಅಂತ ಗೊತ್ತಾಯ್ತಾ?" ಎಂದ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ಕುರುಡಾದ ಮೇಲೆ ಏನು ನೋಡಲಿ? ಒಂದು ನೆನಪಿದೆ. ಒಂದು ಲೈಟು ಹಾಲಿನ ಹಾಗೆ ಬಿಳಿ, ಇನ್ನೊಂದು ಹಳದಿ. ಹಿಂದಿನಿಂದ ಕಟ್ಟಿನ ಮೇಲಿನ ಕಾಗದ ಒಂದು ಹಾರಿ ನನ್ನ ಮೇಲೇ ಬಿತ್ತು. ಪೇಪರ್ ಗಾಡಿ ಇರಬೇಕು." ಅವಳು ಸ್ಟೂಲಿನ ಮೇಲೆ ಕೂತಳು. "ಬಾಣಂತಿಯರ ವಾರ್ಡಿನಲ್ಲಿ ಕೆಲಸ ನಂದು. ಒಂದೇ ಕೈಲಿ ಮಗು ಎತ್ತೋಕಾಗಲ್ಲ ಅಂತ ಮನೇಲಿ ಕೂರಿಸಿದ್ದಾರೆ. ಆ ದೀಪ ಕೂರಿಸಿದ ಮಹಾನುಭಾವ ಯಾರೋ, ಸಿಕ್ಕಿದ್ರೆ ಒಂದು ಕೈಯಲ್ಲೇ ನಮಸ್ಕಾರ ಮಾಡ್ತೀನಿ ಅಂತ ಹೇಳಿ."

ಅವನ ಬೆರಳಿಗೆ ಗಾಜು ಚುಚ್ಚಿತು. ಅವಳು ಕಂಡು, ಇದ್ದ ಒಂದು ಕೈಯಲ್ಲೇ ಚೀಲದಿಂದ ಹತ್ತಿ ತೆಗೆದು ಕೊಟ್ಟಳು. "ಒತ್ತಿ ಹಿಡ್ಕೊಳ್ಳಿ. ಗಾಜು ಮುಟ್ಟುವಾಗ ಬೇರೆ ಯೋಚನೆ ಮಾಡಬಾರದು."

ನಾನೇ ಅದು ಎನ್ನದೆ, ಅವನು ಹತ್ತಿಯನ್ನು ಬೆರಳಿಗೆ ಒತ್ತಿಕೊಂಡ. ಅವಳು ಹೋದ ಮೇಲೆ ಮೂಲೆಯಲ್ಲಿದ್ದ ಮರಳಿನ ಚೀಲಗಳ ಮೇಲೆ ಕಣ್ಣು ಬಿತ್ತು. ಖಾಲಿ ಗಾಡಿಯಲ್ಲಿ ಒಂದು ಗೇಣು ಎತ್ತಿದ್ದ ದೀಪ, ಹಿಂದೆ ಕಟ್ಟುಗಳ ಭಾರ ಬಿದ್ದ ಮೇಲೆ ಇನ್ನೆಷ್ಟು ಎತ್ತರಕ್ಕೆ ಹೋಗಿರಬೇಕು. ಹೊಟ್ಟೆ ತುಂಬಿದ ಗಾಡಿ ಮೂತಿ ಎತ್ತುತ್ತದೆ. ಇದನ್ನು ಕಲಿಸಿದವನೂ ಮರೆತ, ಕಲಿತವನೂ ಮರೆತ. ತಪ್ಪು ಮಾಡಿದ್ದು ಇಬ್ಬರು, ಮೋರಿಗೆ ಬಿದ್ದವಳು ಮೂರನೆಯವಳು.

ದೀಪ ಇಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆರೆಗೆ ಇಳಿಸಿದರೆ ಅಣ್ಣನಿಗೆ ದಾರಿ ಕಾಣುವುದಿಲ್ಲ. ಯಾಕೆ ಕಾಣುವುದಿಲ್ಲ? ಪ್ಲಾಸ್ಟಿಕ್ಕು ಹೊಳೆಯುತ್ತಿದೆ, ವೈರು ಹೊಸದು, ಬಲ್ಬು ಒಳ್ಳೆಯದು. ದೀಪದಲ್ಲಿ ಉಳಿದ ದೋಷ ಏನೂ ಇಲ್ಲ. ಅವನು ಇಷ್ಟು ದಿನ ಅಂಜಿದ್ದ ಲೆಕ್ಕ ಈಗ ತಾನಾಗಿ ಕೂಡಿಕೊಂಡಿತು. ಅವನು ಅಣ್ಣನಿಗೆ ಫೋನು ಮಾಡಿ, "ನಾಳೆ ಡ್ಯೂಟಿಗೆ ಮುಂಚೆ ಒಮ್ಮೆ ಬಾ, ಲೈಟು ನೋಡಬೇಕು" ಎಂದಷ್ಟೇ ಹೇಳಿದ.

"ಚೆನ್ನಾಗೇ ಇದೆಯಲ್ಲೋ."

"ಬಾ ಅಂದ್ರೆ ಬಾ ಅಣ್ಣ."

ಅವನು ಅಣ್ಣನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಅವನು ಬಿಡಿಭಾಗ ತರಲು ಹೋಗಿ ಮರಳಿದಾಗ ಅಂಗಳದ ಆಚೆ ಎಲ್ಲ ಬೆಳ್ಳಗಿತ್ತು. ಗೋದಾಮಿಗೆ ಹೊಸ ಯಜಮಾನ ಬಂದಿದ್ದಾನೆಂದು ಕೇಳಿದ್ದ. ಗೋಡೆಗೆ ಸುಣ್ಣ ಬಳಿಸುತ್ತಾನೆಂದು ಕೇಳಿರಲಿಲ್ಲ. ಮೂರು ಗೆರೆಗಳಲ್ಲಿ ಒಂದೂ ಉಳಿದಿರಲಿಲ್ಲ. ಎರಡು ಸಲ ಗಟ್ಟಿಯಾಗಿ ಬಳಿದಿದ್ದರಿಂದ ಕಪ್ಪಿನ ನೆರಳು ಕೂಡ ಕಾಣುತ್ತಿರಲಿಲ್ಲ.

"ಕೊಳಕಾಗಿತ್ತಲ್ಲ" ಎಂದ ಗೋದಾಮಿನ ಕಾವಲುಗಾರ, ಬ್ರಷ್ಷು ತೊಳೆಯುತ್ತಾ. "ಮೂರು ಮೂರು ಗೆರೆ, ಸೆರೆಮನೆ ಥರ ಇತ್ತು."

ಬೈದು ಪ್ರಯೋಜನವಿರಲಿಲ್ಲ, ಗೋಡೆ ಅವರದು. ಸುಣ್ಣ ಒಣಗಿದ ಮೇಲೆ ಹೊಸ ಯಜಮಾನನನ್ನು ಕೇಳಿ ಮತ್ತೆ ಎಳೆಯಬೇಕು. ಸದ್ಯಕ್ಕೆ ಅವನು ನೆಲದಿಂದ ಅಳೆದು, ವ್ಯಾನಿನ ಗೆರೆ ಇದ್ದ ಎತ್ತರದಲ್ಲಿ ಗೋಡೆಯ ಎರಡು ತುದಿಗೂ ಒಂದೊಂದು ಸಣ್ಣ ಮೊಳೆ ಹೊಡೆದ. ದಾರ ಕಟ್ಟಿ ನೋಡಿದರೆ ಸಾಕು ಎಂದುಕೊಂಡ. ದಾರ ಹುಡುಕಲು ಒಳಗೆ ಹೋದವನನ್ನು ಒಂದು ಕಾರಿನ ಗಿರಾಕಿ ಹಿಡಿದುಕೊಂಡ, ಅವನನ್ನು ಸಾಗಹಾಕುವಷ್ಟರಲ್ಲಿ ಹೊತ್ತು ಮುಳುಗಿತು.

ವ್ಯಾನು ಬಂದು, ಎಂದಿನಂತೆ ನೆಲದ ಮೇಲಿನ ಗುರುತಿಗೆ ಮುಂದಿನ ಚಕ್ರ ತಾಗಿಸಿ ನಿಂತಿತು. ಗುರುತಿನ ಜಾಗದಲ್ಲಿ ಸಿಮೆಂಟು ಒಂದು ಬೆರಳು ಉಬ್ಬಿತ್ತು. ಚಕ್ರಕ್ಕೆ ಅದು ತಾನಾಗಿ ತಿಳಿಯುತ್ತಿತ್ತು. ತಮ್ಮ ನೇರವಾಗಿ ಹಿಂದಿನ ಬಾಗಿಲು ತೆಗೆದು ಮರಳಿನ ಚೀಲಗಳನ್ನು ಹೇರಿದ.

"ಓಹೋ, ಇವತ್ತು ಶಾಸ್ತ್ರೋಕ್ತವಾಗಿ" ಎಂದ ಅಣ್ಣ, ಸೀಟಿನಿಂದ ಇಳಿಯದೆ. "ಏನಪ್ಪ ಇಷ್ಟು ಗಂಭೀರ? ಹೆಂಡ್ತಿ ತವರಿಗೆ ಹೋದಳಾ?"

"ಲೈಟ್ ಹಾಕಣ್ಣ. ಡಿಮ್."

ಗೋಡೆ ಬೆಳಗಿತು. ಭಾರ ಹೇರಿದ ವ್ಯಾನಿನ ಬೆಳಕು ಮೊಳೆಗಳನ್ನು ದಾಟಿ, ಲಾರಿಯ ಗೆರೆ ಇದ್ದ ಜಾಗವನ್ನೂ ದಾಟಿ, ಗೋದಾಮಿನ ತಗಡಿನ ಸೂರಿನವರೆಗೆ ಹೋಗಿತ್ತು. ಸ್ಕೂಟರಿನ ಮೇಲೆ ಕೂತವರ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆ ಎಂದು ಅವನಿಗೆ ಲೆಕ್ಕ ಹಾಕಬೇಕಾಗಿರಲಿಲ್ಲ. ಬಾನೆಟ್ಟು ಎತ್ತಿ ಸ್ಕ್ರೂ ತಿರುಗಿಸುತ್ತಾ ಹೋದ. ಬೆಳಕು ನಿಧಾನವಾಗಿ ಇಳಿದು ಎರಡು ಮೊಳೆಗಳ ಮಟ್ಟಕ್ಕೆ ಬಂದು ಕೂತಿತು. ಗೋಡೆಯ ವಿಷಯ ಹೇಳಬೇಕೆಂದು ಅವನು ತಲೆ ಎತ್ತುವಷ್ಟರಲ್ಲಿ ಅಣ್ಣನೇ ಮಾತಾಡಿದ.

"ಯಾಕೋ ಇಳಿಸಿದೆ? ಎಡಗಡೆದು ನೋಡು, ಗೆರೆಗಿಂತ ಎರಡು ಬೆರಳು ಕೆಳಗೆ ಹೋಗಿದೆ. ಬಲಗಡೆದು ಸರಿಯಾಗಿ ಗೆರೆ ಮೇಲಿದೆ."

ತಮ್ಮ ಬಾನೆಟ್ಟಿನ ಮರೆಯಿಂದ ಕತ್ತು ಚಾಚಿ ಗೋಡೆ ನೋಡಿದ.

"ಕೇಳಿಸ್ತಾ? ಎಡಗಡೆದು. ಗೆರೆ ಅಷ್ಟು ದಪ್ಪಗೆ ಎಳೆದಿದ್ದೀನಿ, ಕಾಣಲ್ವಾ ನಿನಗೆ? ಮೊದಲು ನೀನು ಕನ್ನಡಕ ಹಾಕ್ಕೋ."

ಬೆಳಕು ಬಿದ್ದ ಗೋಡೆ ಹಾಲಿನಂತೆ ಬೆಳ್ಳಗಿತ್ತು. ಅದರ ಮೇಲೆ ಗೆರೆಯಿಲ್ಲ, ಗೆರೆಯ ಗುರುತಿಲ್ಲ. ಇವನು ಎಷ್ಟು ದಿನದಿಂದ ಹೀಗೆ ನೆನಪಿನ ಮೇಲೆ ಗೆರೆ ನೋಡುತ್ತಿದ್ದಾನೆ, ನೆನಪಿನ ಮೇಲೆ ರಸ್ತೆ ನೋಡುತ್ತಿದ್ದಾನೆ? ಸರಿ ಅಣ್ಣ ಎಂದು ಸ್ಕ್ರೂ ಒಂದು ಸುತ್ತು ತಿರುಗಿಸಿ ಕಳುಹಿಸಿಬಿಡಬಹುದಿತ್ತು. ಇನ್ನೊಂದು ರಾತ್ರಿ ಕಳೆಯುತ್ತಿತ್ತು. ಎದುರಿಗೆ ಇನ್ನೊಬ್ಬರು ಬರುತ್ತಿದ್ದರು.

"ಅಣ್ಣ, ಇಳಿದು ಬಾ."

"ಯಾಕೆ?"

"ಗೆರೆ ಎಲ್ಲಿದೆ ಅಂತ ಒಮ್ಮೆ ಬೆರಳಿಟ್ಟು ತೋರಿಸು."

"ತಲೆ ಕೆಟ್ಟಿದೆಯೇನೋ ನಿನಗೆ" ಎನ್ನುತ್ತಾ ಅಣ್ಣ ಇಳಿದ. ಬಾಗಿಲನ್ನು ಹಿಡಿದು ಇಳಿದ, ಬಾನೆಟ್ಟಿನ ಅಂಚು ಸವರಿಕೊಂಡು ಮುಂದೆ ಬಂದ. ಅದನ್ನೂ ತಮ್ಮ ಇವತ್ತೇ ಗಮನಿಸಿದ. ದೀಪಗಳ ನಡುವೆ ಹಾದು ಗೋಡೆಯತ್ತ ನಡೆದಂತೆ ಅವನ ದೊಡ್ಡ ನೆರಳು ಕುಗ್ಗುತ್ತಾ ಕುಗ್ಗುತ್ತಾ ಅವನಷ್ಟೇ ಆಯಿತು. ಅಣ್ಣ ಕೈ ಚಾಚಿ, ಸರಿಯಾಗಿ ಗೆರೆ ಇದ್ದ ಎತ್ತರಕ್ಕೆ ಬೆರಳಿಟ್ಟು, "ಇಲ್ಲಿ" ಎಂದ.

ಎತ್ತರ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಸುಣ್ಣ ಇನ್ನೂ ಹಸಿಯಿತ್ತು. ಅಣ್ಣ ಬೆರಳು ತೆಗೆದು ಹೆಬ್ಬೆರಳಿಗೆ ಉಜ್ಜಿ ನೋಡಿದ. ಮೂಗಿನ ಹತ್ತಿರ ತಂದು ಮೂಸಿದ. ಆಮೇಲೆ ಅಂಗೈಯನ್ನು ಗೋಡೆಗೆ ಒತ್ತಿ ಅಡ್ಡಕ್ಕೆ ಸರಿಸುತ್ತಾ ನಾಲ್ಕು ಹೆಜ್ಜೆ ಹೋದ, ಮುಖವನ್ನು ಗೋಡೆಗೆ ತಾಗುವಷ್ಟು ಹತ್ತಿರ ಒಯ್ದ. ಅಲ್ಲೇ ನಿಂತುಬಿಟ್ಟ. ಬೆನ್ನು ಮಾತ್ರ ಕಾಣುತ್ತಿತ್ತು.

"ಯಾವಾಗ ಬಳಿದ್ರು?" ಎಂದ, ತಿರುಗದೆ.

"ಇವತ್ತು ಮಧ್ಯಾಹ್ನ."

"ಪೂರ್ತಿನಾ?"

"ಪೂರ್ತಿ."

ಅಣ್ಣ ಮರಳಿ ಬಂದು ವ್ಯಾನಿನ ಹಿಂದಿನ ಬಾಗಿಲಲ್ಲಿ, ಮರಳಿನ ಚೀಲದ ಮೇಲೆ ಕೂತ. ತಮ್ಮ ದೀಪ ಆರಿಸಿ ಪಕ್ಕದಲ್ಲಿ ಕೂತ. ನರ್ಸಿನ ವಿಷಯ ಹೇಳಿದ. ಬಿಳಿ ದೀಪ, ಹಳದಿ ದೀಪ, ಮೋರಿ, ಪ್ಲಾಸ್ಟರು, ಒಂದನ್ನೂ ಬಿಡದೆ ಹೇಳಿದ. ಅಣ್ಣ ತಲೆ ಬಗ್ಗಿಸಿ ಕೇಳಿದ.

"ಆ ದಿನ ಪಕ್ಕದಲ್ಲಿ ಏನೋ ಸರಿದ ಹಾಗಾಯ್ತು" ಎಂದ ಕೊನೆಗೆ. "ನಾಯಿ ಅಂದ್ಕೊಂಡೆ."

"ದೀಪ ಎತ್ತಿದ್ದು ನಾನು."

"ಎತ್ತು ಅಂದದ್ದು ನಾನು. ಅದನ್ನ ನಿನ್ನ ತಲೆ ಮೇಲೆ ಹೊರಬೇಡ." ಆಮೇಲೆ ತಾನಾಗಿ ಹೇಳಿದ: "ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ ಕಣೋ. ಹೋದ ಬೇಸಿಗೇಲೇ. ಕನ್ನಡಕದ್ದಲ್ವಂತೆ, ಪೊರೆನೂ ಅಲ್ವಂತೆ. ಕಣ್ಣಿನ ಹಿಂದಿನ ಪರದೆ ಸವೀತಾ ಬರ್ತಿದೆಯಂತೆ. ಹಗಲು ಇನ್ನೂ ಕೆಲವು ವರ್ಷ ಕಾಣುತ್ತೆ, ಕತ್ತಲು ಮುಗೀತು ಅಂದ್ರು. ಕತ್ತಲಲ್ಲಿ ಓಡಿಸಬೇಡಿ ಅಂತಾನೂ ಅಂದ್ರು."

"ಯಾರಿಗೂ ಹೇಳಲಿಲ್ಲ."

"ಹೇಳಿದ್ರೆ ನಿಜ ಆಗಿಬಿಡುತ್ತಲ್ಲ. ದೀಪದ್ದೇ ತಪ್ಪಿರಲಿ ಅಂತ ನಿನ್ನ ಹತ್ರ ಬರ್ತಿದ್ದೆ. ನೀನು ಪ್ರತಿ ಸಲ ಏನೋ ಒಂದು ದೋಷ ಹುಡುಕಿ ಕೊಡ್ತಿದ್ದೆ. ಪ್ಲಾಸ್ಟಿಕ್ಕು, ವೈರು. ಪ್ರತಿ ಸಲ ನೆಮ್ಮದಿಯಾಗ್ತಿತ್ತು. ನೋಡು, ಡಾಕ್ಟರಿಗೇನು ಗೊತ್ತು ಅನ್ನಿಸ್ತಿತ್ತು."

ತಮ್ಮ ಕೈಗೆ ಸಿಕ್ಕ ಸ್ಕ್ರೂಡ್ರೈವರನ್ನು ಒರೆಸುತ್ತಾ ಕೂತ.

"ಅಪ್ಪ ನೆನಪಿದ್ದಾನಾ ನಿನಗೆ?" ಎಂದ ಅಣ್ಣ. "ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಮನೆ ಸೇರ್ತಿದ್ದ. ಬೀದಿ ಹೆಂಗಸರೆಲ್ಲ ತಮ್ಮ ಗಂಡಂದಿರಿಗೆ ಅಪ್ಪನ್ನ ತೋರಿಸಿ ಬುದ್ಧಿ ಹೇಳ್ತಿದ್ರು. ಕತ್ತಲಾದ ಮೇಲೆ ಹೊಸಿಲು ದಾಟದ ಗಂಡಸು ಅಂತ. ಅಮ್ಮನಿಗೂ ಅದೇ ಹೆಮ್ಮೆ. ಡಾಕ್ಟರು ಕೇಳಿದ್ರು, ನಿಮ್ಮ ತಂದೆ ಸಂಜೆ ಹೊರಗೆ ಹೋಗ್ತಿದ್ರಾ ಅಂತ. ಆಗ ಹೊಳೀತು ನನಗೆ." ಅವನು ಸುಣ್ಣದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ರಕ್ತದಲ್ಲಿ ಬರೋದಂತೆ. ನೀನೂ ಒಮ್ಮೆ ತೋರಿಸ್ಕೋ. ಮುಂದೆ ಹಾಕಬೇಡ."

ಬೀದಿಯಲ್ಲಿ ಒಂದು ಗಾಡಿ ಹೋಯಿತು. ಅದರ ಬೆಳಕು ಇಬ್ಬರ ಮುಖದ ಮೇಲೆ ಹಾದು ಗೋಡೆಗೆ ಬಿದ್ದು ಮುಂದೆ ಸರಿಯಿತು. ತಮ್ಮ ಪಕ್ಕಕ್ಕೆ ಬಾಗಿ ಹಿಂತಿರುಗಿ ನೋಡಿದ; ಅವನ ಕಣ್ಣು ತಾನಾಗಿ ಆ ಎರಡು ಮೊಳೆಗಳನ್ನು ಹುಡುಕಿತು. ಸಿಕ್ಕವು. ಅಣ್ಣನ ಪಕ್ಕದಲ್ಲಿ ಕೂತು ಹಾಗೆ ಹುಡುಕಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಅಣ್ಣ ಫೋನು ತೆಗೆದು ಮುಖದ ಹತ್ತಿರ ಹಿಡಿದು ವ್ಯಾನಿನ ಮಾಲೀಕನಾದ ಪತ್ರಿಕೆ ಏಜೆಂಟನಿಗೆ ಮಾಡಿದ. "ಇವತ್ತು ಬೇರೆ ಡ್ರೈವರನ್ನ ನೋಡ್ಕೊಳ್ಳಿ ಸಾರ್... ಇಲ್ಲ, ಜ್ವರ ಅಲ್ಲ... ನಾಳೆನೂ ಬರಲ್ಲ. ಬರೋದೇ ಇಲ್ಲ... ಗಾಡಿನಾ? ಗಾಡಿ ಚೆನ್ನಾಗಿದೆ. ಲೈಟು ಈಗ ತಾನೇ ಸರಿ ಮಾಡಿಸಿದೆ, ಒಂದು ಗಂಟೇಲಿ ನನ್ನ ತಮ್ಮ ತಂದುಬಿಡ್ತಾನೆ." ಫೋನು ಜೇಬಿಗೆ ಹಾಕಿ, "ಆ ಬಿಳಿ ಬಲ್ಬು ತೆಗೆದುಬಿಡು. ಎರಡೂ ಒಂದೇ ಥರ ಇರಲಿ. ಬರೋ ಹುಡುಗ ನಗಬಾರದು" ಎಂದ.

ತಮ್ಮ ಬಲ್ಬು ಬದಲಿಸಿದ. ದಾರ ಕಟ್ಟಿ ಮತ್ತೊಮ್ಮೆ ಮಟ್ಟ ನೋಡಿದ. ದಾರದ ಒಂದು ತುದಿಯನ್ನು ಅಣ್ಣ ಹಿಡಿದು ನಿಂತಿದ್ದ, ಅಲ್ಲಾಡದೆ.

ಮನೆಯವರೆಗೆ ತಮ್ಮನೇ ಓಡಿಸಿದ. ಪಕ್ಕದ ಸೀಟಿನಲ್ಲಿ ಕೂತ ಅಣ್ಣ ಕೈ ಎಲ್ಲಿಡಬೇಕೆಂದು ತಿಳಿಯದೆ, ಮೊದಲು ಮಂಡಿಯ ಮೇಲೆ, ಆಮೇಲೆ ಎದೆಯ ಮೇಲೆ, ಕೊನೆಗೆ ತೊಡೆಯ ಕೆಳಗೆ ಇಟ್ಟುಕೊಂಡ. ರಸ್ತೆಯನ್ನು ಮಾತ್ರ ಬಿಡಲಿಲ್ಲ. "ಮುಂದೆ ಹಂಪು. ಈಗ ಬಲಕ್ಕೆ ಹಳ್ಳ ಇದೆ, ಎಡಕ್ಕೆ ತಗೋ. ಇಲ್ಲಿ ಮರದ ಕೊಂಬೆ ಬಾಗಿದೆ." ಒಂದೂ ತಪ್ಪಲಿಲ್ಲ. ಎಲ್ಲವೂ ಅವನು ಹೇಳಿದ ಜಾಗದಲ್ಲೇ ಒಂದೊಂದಾಗಿ ಬೆಳಕಿಗೆ ಬಂದವು.

"ನಾಳೆ ಆ ಸಿಸ್ಟರ್ ಮನೆಗೆ ಹೋಗೋಣ" ಎಂದ. "ಹಗಲಲ್ಲಿ. ನಾನೇ ಮಾತಾಡ್ತೀನಿ, ನೀನು ಸುಮ್ಮನೆ ನಿಂತಿರು."

"ಆಗಲಿ ಅಣ್ಣ."

ಎದುರಿನಿಂದ ಒಂದು ಕಾರು ಬಂತು, ಹೋಯಿತು. ಒಂದು ಲಾರಿ ಬಂತು. ಆಮೇಲೆ ಸ್ಕೂಟರಿನಲ್ಲಿ ಯಾರೋ ಇಬ್ಬರು, ಏನನ್ನೋ ಮಾತಾಡಿಕೊಂಡು ನಗುತ್ತಾ ಪಕ್ಕದಲ್ಲೇ ಹಾದುಹೋದರು. ಅವರ ನಗು ಕಿಟಕಿಯಿಂದ ಒಳಗೆ ಕೇಳಿಸಿತು.

"ಯಾರೂ ಸಲಾಮು ಹೊಡೀತಿಲ್ವಲ್ಲೋ" ಎಂದ ಅಣ್ಣ.

"ಇಲ್ಲ ಅಣ್ಣ. ಯಾರೂ ಹೊಡೀತಿಲ್ಲ."

"ಹಂಗಾದ್ರೆ ಸರಿಯಾಗಿ ಕೂರಿಸಿದ್ದೀಯ."

ಮನೆಯ ಮುಂದೆ ವ್ಯಾನಿನ ಸದ್ದು ಕೇಳಿ ಅತ್ತಿಗೆ ಬಾಗಿಲು ತೆರೆದಳು. ಈ ಹೊತ್ತಿಗೆ ಹೊರಡಬೇಕಾದವನು ಮರಳಿ ಬಂದದ್ದನ್ನು ನೋಡಿದಳು. ಅವನು ಪಕ್ಕದ ಸೀಟಿನಿಂದ ಇಳಿದದ್ದನ್ನೂ, ಪ್ಯಾಂಟಿನ ಮೇಲಿನ ಸುಣ್ಣದ ಗುರುತನ್ನೂ ನೋಡಿದಳು. ಮೈದುನನ ಮುಖವನ್ನೂ ನೋಡಿದಳು. ಮೆಟ್ಟಿಲ ಮೇಲಿದ್ದ ಬಕೆಟ್ಟನ್ನು ಎತ್ತಿ ಪಕ್ಕಕ್ಕಿಟ್ಟು, ಗಂಡನತ್ತ ಕೈ ಚಾಚಿದಳು.

"ಕಾಣುತ್ತೆ, ಕಾಣುತ್ತೆ" ಎಂದ ಅವನು. ಆದರೂ ಕೈ ಹಿಡಿದುಕೊಂಡ.